ಗುಳಿಗೆಯ ಜತೆಗೆ ಕಾಲುದಾರಿಯೂ ಬೇಕು

ಮಧುಮೇಹಿಗಳಿಗೆ ವೈದ್ಯರು ಬರೆದುಕೊಡುವ ಚೀಟಿಯಲ್ಲಿ ಗುಳಿಗೆಯ ಹೆಸರು, ಪ್ರಮಾಣ, ವೇಳೆ ಎಲ್ಲವೂ ಸ್ಪಷ್ಟವಾಗಿರುತ್ತವೆ. ವ್ಯಾಯಾಮದ ವಿಚಾರ ಮಾತ್ರ ‘ಸ್ವಲ್ಪ ವಾಕಿಂಗ್ ಮಾಡಿ’ ಎಂಬ ಬಾಯಿಮಾತಿನ ಉಪದೇಶದಲ್ಲೇ ಮುಗಿದುಹೋಗುವುದುಂಟು. ಎಷ್ಟು ಹೊತ್ತು, ಯಾವಾಗ, ಎಲ್ಲಿ ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ದಾಂಡೇಲಿಗೆ ಹೊಂದಿಕೊಂಡಿರುವ ಅಂಬೇವಾಡಿಯಂಥ ಊರನ್ನು ಕಣ್ಣೆದುರಿಗಿಟ್ಟುಕೊಂಡು ಯೋಚಿಸಿದಾಗ, ‘ಎಲ್ಲಿ’ ಎಂಬುದೇ ನನಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯಾಗಿ ತೋರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ, 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಮರುವರ್ಷ ಹೊರಬಂದ ಅಂತರರಾಷ್ಟ್ರೀಯ ಅಧ್ಯಯನವೊಂದು, 2022ರಲ್ಲಿ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಮಂದಿಗೆ ಅಗತ್ಯವಿರುವಷ್ಟು ದೈಹಿಕ ಚಟುವಟಿಕೆ ಇರಲಿಲ್ಲವೆಂದು ಹೇಳಿತು. ಪುರುಷರಲ್ಲಿ ಇದು ಶೇ 42. ಮಹಿಳೆಯರಲ್ಲಿ ಶೇ 57. ಈ ಎರಡು ಲೆಕ್ಕಗಳನ್ನು ಬೇರೆ ಬೇರೆ ಕಡತಗಳಲ್ಲಿ ಕಟ್ಟಿಡುವುದು ವಿವೇಕವಲ್ಲ.

ದೇಹದ ವ್ಯವಹಾರವನ್ನೇ ನೋಡಿ. ಊಟದ ನಂತರ ರಕ್ತ ಸೇರುವ ಸಕ್ಕರೆಯ ದೊಡ್ಡ ಗಿರಾಕಿ ನಮ್ಮ ಸ್ನಾಯುಗಳು. ಮಧುಮೇಹದಲ್ಲಿ ಇನ್ಸುಲಿನ್ನಿನ ಕರೆಗೆ ಅವು ಸರಿಯಾಗಿ ಓಗೊಡುವುದಿಲ್ಲ. ಆದರೆ ದುಡಿಯುತ್ತಿರುವ ಸ್ನಾಯು ಆ ಕರೆಗೆ ಕಾಯದೆಯೂ ಸಕ್ಕರೆಯನ್ನು ಒಳಗೆಳೆದುಕೊಳ್ಳಬಲ್ಲದು. ವ್ಯಾಯಾಮದ ಪರಿಣಾಮ ಸಾಮಾನ್ಯವಾಗಿ ಒಂದೆರಡು ದಿನ ಉಳಿಯುತ್ತದೆ. ಆದ್ದರಿಂದಲೇ ಭಾನುವಾರ ಒಂದೇ ದಿನ ಮೈಮುರಿದು ನಡೆಯುವುದಕ್ಕಿಂತ, ಸತತ ಎರಡು ದಿನ ತಪ್ಪದಂತೆ ವಾರಕ್ಕೆ ಒಟ್ಟು 150 ನಿಮಿಷ ಬಿರುಸಾಗಿ ನಡೆಯುವುದು ಲೇಸು. ಅದರ ಜತೆಗೆ ವಾರದಲ್ಲಿ ಎರಡು ಮೂರು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವಿರಬೇಕು. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಡ್ಡಾಡಿದರೂ ಸಕ್ಕರೆಯ ಏರಿಕೆ ತಗ್ಗುತ್ತದೆ.

ಇದು ಬರೀ ನಂಬಿಕೆಯ ಮಾತಲ್ಲ. ಮಧುಮೇಹದ ಹೊಸ್ತಿಲಲ್ಲಿದ್ದ 531 ಭಾರತೀಯರನ್ನು ಕುರಿತು ಚೆನ್ನೈನ ತಜ್ಞರು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಆಹಾರ ಹಾಗೂ ವ್ಯಾಯಾಮದ ಶಿಸ್ತಿನಿಂದ ರೋಗ ತಗಲುವ ಸಂಭವ ಶೇ 28.5ರಷ್ಟು ಇಳಿಯಿತು, ಮೆಟ್‌ಫಾರ್ಮಿನ್ ಗುಳಿಗೆಯಿಂದ ಶೇ 26.4ರಷ್ಟು. ಎರಡನ್ನೂ ಕೂಡಿಸಿದಾಗ ಹೆಚ್ಚುವರಿ ಲಾಭ ಕಾಣಲಿಲ್ಲ. ಹಾಗೆಂದು ಈಗಾಗಲೇ ಮಧುಮೇಹಿಗಳಾದವರು ವೈದ್ಯರನ್ನು ಕೇಳದೆ ಗುಳಿಗೆ ಬಿಡಬಾರದು. ಇನ್ಸುಲಿನ್ ಅಥವಾ ಅದರ ಸ್ರವಿಕೆ ಹೆಚ್ಚಿಸುವ ಕೆಲವು ಗುಳಿಗೆಗಳನ್ನು ಸೇವಿಸುವವರಲ್ಲಿ ನಡಿಗೆಯ ವೇಳೆ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ಬೆವರು, ನಡುಕ, ಕಣ್ಣುಕತ್ತಲೆ ಇದರ ಸೂಚನೆಗಳು. ಕಿಸೆಯಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇರಲೇಬೇಕು. ಪಾದದ ಸ್ಪರ್ಶಜ್ಞಾನ ಕುಂದಿದವರು ಬರಿಗಾಲಲ್ಲಿ ನಡೆಯಕೂಡದು.

ಇಷ್ಟು ತಿಳಿದವರಿಗೂ ನಡೆಯುವುದು ಸುಲಭವಲ್ಲ. ಹಳಿಯಾಳ, ಜೊಯಿಡಾ ಸೀಮೆಯ ಗೌಳಿ, ಕುಣಬಿ, ಸಿದ್ದಿ ಸಮುದಾಯಗಳ ಹಿರಿಯರಿಗೆ ವ್ಯಾಯಾಮವೆಂಬ ಪ್ರತ್ಯೇಕ ಪದವೇ ಬೇಕಿರಲಿಲ್ಲ. ದನಗಳ ಹಿಂದೆ, ಗದ್ದೆಯಲ್ಲಿ, ಕಾಡಿನ ದಾರಿಯಲ್ಲಿ ಅವರ ದುಡಿಮೆಯೇ ನಡಿಗೆಯಾಗಿತ್ತು. ದಾಂಡೇಲಿಯಲ್ಲಿ ಕಾಗದ ಕಾರ್ಖಾನೆ ಬಂದ ಮೇಲೆ ಪಾಳಿಯ ದುಡಿಮೆ ಬಂತು. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ‘ಬೆಳಿಗ್ಗೆ ಐದಕ್ಕೆ ಎದ್ದು ನಡೆ’ ಎಂದರೆ ಅದು ಕುಚೋದ್ಯವಾದೀತು. ಮಳೆಗಾಲದ ತಿಂಗಳುಗಳಲ್ಲಿ ಇಲ್ಲಿ ಹೊರಗೆ ಕಾಲಿಡುವುದೇ ಕಷ್ಟ. ಮನೆಗೆಲಸ ಮುಗಿಸುವಷ್ಟರಲ್ಲಿ ಕತ್ತಲಾಗುವ ಗೃಹಿಣಿಗೆ ದೀಪವಿಲ್ಲದ ರಸ್ತೆಯಂಚು ನಡಿಗೆಯ ತಾಣವಾಗಲಾರದು.

ಅರ್ಥಶಾಸ್ತ್ರ ಓದಿದ ನನಗೆ ಇದು ವ್ಯಕ್ತಿಯ ಸೋಮಾರಿತನಕ್ಕಿಂತ ಸಾರ್ವಜನಿಕ ವೆಚ್ಚದ ಆದ್ಯತೆಯ ಪ್ರಶ್ನೆ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ‘ಗೃಹ ಆರೋಗ್ಯ’ ಯೋಜನೆ ಆರಂಭಿಸಿ, ಮನೆಬಾಗಿಲಿಗೇ ಮಧುಮೇಹ ಹಾಗೂ ರಕ್ತದೊತ್ತಡದ ತಪಾಸಣೆಯನ್ನು ಕೊಂಡೊಯ್ದದ್ದು ಸ್ವಾಗತಾರ್ಹ. ಆದರೆ ಮನೆಯೊಳಗೆ ರೋಗವನ್ನು ಪತ್ತೆಹಚ್ಚಿ, ಹೊಸ್ತಿಲಾಚೆ ನಡೆಯಲು ಜಾಗ ಕೊಡದಿದ್ದರೆ ಕೆಲಸ ಅರ್ಧವಾದಂತೆ. ಸರ್ಕಾರಿ ಸೇವೆಯಲ್ಲಿ ಕಂಡ ಮಾತು ಹೇಳುವುದಾದರೆ, ರಸ್ತೆಯ ಅಂದಾಜು ಪಟ್ಟಿಯಲ್ಲಿ ಹಣ ಸಾಲದೆ ಬಂದಾಗ ಮೊದಲು ಕತ್ತರಿ ಬೀಳುವುದು ಪಾದಚಾರಿ ಮಾರ್ಗಕ್ಕೆ. ಅಲ್ಲಿ ಉಳಿಸಿದ ಹಣವನ್ನು ಮುಂದೆ ಡಯಾಲಿಸಿಸ್ ಘಟಕಗಳಿಗೆ ತೆರಬೇಕಾಗುತ್ತದೆ.

ಪರಿಹಾರಕ್ಕೆ ಕೋಟಿಗಳೇ ಬೇಕೆಂದಿಲ್ಲ. ಶಾಲಾ ಮೈದಾನಗಳು ಬೆಳಿಗ್ಗೆ, ಸಂಜೆ ಊರಿನವರಿಗೆ ತೆರೆದಿರಲಿ. ಮಳೆಗಾಲಕ್ಕೆ ಸಮುದಾಯ ಭವನದ ಬೀಗ ತೆಗೆಯಲಿ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೊತ್ತಿ ದಂಡ ಹೊಡೆಯುವುದು ಮುಂತಾದವಕ್ಕೆ ಸಲಕರಣೆ ಬೇಡ. ಮಹಿಳಾ ಸ್ವಸಹಾಯ ಸಂಘಗಳು ಜತೆಗೂಡಿ ನಡೆಯುವ ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳಲಿ. ಹೊಸ ರಸ್ತೆಯ ಅಂದಾಜಿಗೆ ಸಹಿ ಹಾಕುವ ಅಧಿಕಾರಿ, ಇದರಲ್ಲಿ ಕಾಲ್ನಡಿಗೆಯವನ ಪಾಲೆಷ್ಟು ಎಂದು ಒಮ್ಮೆ ಕೇಳಿದರೆ, ವೈದ್ಯರ ಆ ಬಾಯಿಮಾತಿಗೂ ಬೆಲೆ ಬಂದೀತು.