ನಿಮಗಿದು ಗೊತ್ತೆ? ಗಿಟಾರಿನ ಕತ್ತನ್ನೂ ವಾಲಿಸಬಹುದು!

ಎಲೆಕ್ಟ್ರಿಕ್ ಗಿಟಾರಿನ ಬ್ರಿಡ್ಜ್‌ ಮೇಲಿನ ಸ್ಯಾಡಲ್‌ಗಳನ್ನು ಪೂರ್ತಿ ಇಳಿಸಿದರೂ ತಂತಿಗಳು ಎತ್ತರದಲ್ಲೇ ಉಳಿದಿವೆಯೆ? ಕತ್ತಿನ ಬುಡ ನೋಡಿ. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕಾಸ್ಟರ್‌ನಂಥ ಗಿಟಾರುಗಳಲ್ಲಿ ಕತ್ತನ್ನು ಒಡಲಿಗೆ ಅಂಟಿಸಿರುವುದಿಲ್ಲ, ಸ್ಕ್ರೂಗಳಿಂದ ಬಿಗಿದಿರುತ್ತಾರೆ. ಅವನ್ನು ಬಿಚ್ಚಿ, ಕತ್ತು ಕೂರುವ ಗುಳಿಯಲ್ಲಿ ಬ್ರಿಡ್ಜ್ ಕಡೆಯ ಅಂಚಿಗೆ ತೆಳು ಮರದ ಚಕ್ಕೆ ಇಟ್ಟರೆ ಕತ್ತು ಹಿಂದಕ್ಕೆ ವಾಲುತ್ತದೆ, ತಂತಿ ಫ್ರೆಟ್‌ಗಳಿಗೆ ಹತ್ತಿರವಾಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಚಕ್ಕೆಯೇ ಎಷ್ಟೋ ಬಾರಿ ಸಾಕು! ಕತ್ತಿನೊಳಗಿನ ಲೋಹದ ಸರಳು, ಅಂದರೆ ಟ್ರಸ್ ರಾಡ್ ತಿರುಗಿಸಿ ಈ ಕೆಲಸ ಮಾಡಲು ಹೋಗಬೇಡಿ. ಅದಿರುವುದು ಕತ್ತಿನ ಬಾಗು ತಿದ್ದುವುದಕ್ಕೆ.

1970ರ ದಶಕದ ಆರಂಭದಲ್ಲಿ ಫೆಂಡರ್ ಕತ್ತು ವಾಲಿಸಲೆಂದೇ ‘ಮೈಕ್ರೊ-ಟಿಲ್ಟ್’ ಎಂಬ ವ್ಯವಸ್ಥೆ ತಂದಿತು. ಸ್ಕ್ರೂಗಳನ್ನು ಸಡಿಲಿಸಿ, ಹಿಂಬದಿಯ ಲೋಹದ ತಗಡಿನ ರಂಧ್ರದಲ್ಲಿ ಅಲೆನ್ ಕೀ ತಿರುಗಿಸಿದರಾಯಿತು, ಚಕ್ಕೆಯೇ ಬೇಡ.