ಕರೆಂಟ್ ಹೋಗೋ ಊರಲ್ಲಿ ಜೆಂಟೂ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಜೆಂಟೂ ಲಿನಕ್ಸ್ ಅರ್ಥ ಮಾಡಿಸೋದು ಸುಲಭ. ಎಣ್ಣೆ ಪ್ಯಾಕೆಟ್ಟು ಅಂಗಡೀಲಿ ಸಿಗುತ್ತೆ. ಆದರೂ ಕಾಯಿನ ಅಟ್ಟಕ್ಕೆ ಹಾಕಿ, ತಿಂಗಳುಗಟ್ಟಲೆ ಕಾದು, ಕೊಬ್ಬರಿ ಮಾಡಿ ಮಿಲ್ಲಿಗೆ ಒಯ್ಯೋರು ಇದ್ದಾರಲ್ಲ? ಉಬುಂಟು ಅಂದ್ರೆ ಪ್ಯಾಕೆಟ್ಟು. ಜೆಂಟೂ ಕಾಯಿಂದ ಶುರು.

ಡೇನಿಯಲ್ ರಾಬಿನ್ಸ್ ಶುರು ಮಾಡಿದ ಈ ಡಿಸ್ಟ್ರೋದ 1.0 ಆವೃತ್ತಿ ಬಂದದ್ದು 2002ರಲ್ಲಿ. ಪೆಂಗ್ವಿನ್‌ಗಳಲ್ಲೇ ಅತಿ ವೇಗವಾಗಿ ಈಜುವ ಜಾತಿಯ ಹೆಸರು ಇದಕ್ಕೆ. (ಇನ್‌ಸ್ಟಾಲ್ ಮಾಡುವಾಗ ಆ ವೇಗ ಎಲ್ಲಿದೆ ಅಂತ ಕೇಳಬೇಡಿ.)

ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕ್ ಪಾರ್ಟಿಷನ್ ಮಾಡಿ, 'ಸ್ಟೇಜ್ 3' ಅನ್ನೋ ಕಂತೆ ಬಿಚ್ಚಿ, ಸಿಎಚ್‌ರೂಟ್‌ನಿಂದ ಒಳಗೆ ಹೋಗಬೇಕು. ಹ್ಯಾಂಡ್‌ಬುಕ್ ನೋಡ್ಕೊಂಡು ಹೋದ್ರೆ ಅಲ್ಲಿವರೆಗೆ ಕಷ್ಟ ಇಲ್ಲ. ಲ್ಯಾಬ್ ರೆಕಾರ್ಡೆಲ್ಲ ಅದೇ ಲ್ಯಾಪ್‌ಟಾಪ್‌ನಲ್ಲಿದ್ರೆ ಮಾತ್ರ ಮೊದಲು ಬ್ಯಾಕಪ್.

ಆಮೇಲೆ ಕಂಪೈಲ್. ನಮ್ಮಂಥವರ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳ ಪರೀಕ್ಷೆ ಇಲ್ಲೇ. ಪ್ರೊಸೆಸರ್‌ನಲ್ಲಿ ಎಂಟು ಥ್ರೆಡ್ ಇದೆ ಅಂತ ಎಂಟು ಕೆಲಸ ಒಟ್ಟಿಗೆ ಕೊಟ್ರೆ ರ‍್ಯಾಮ್ ಸಾಲದು. ಕರ್ನಲ್ ಕಂಪೈಲರನ್ನೇ ಕೊಂದು ಹಾಕುತ್ತೆ. ಒಂದು ಕೆಲಸಕ್ಕೆ 2 ಜಿಬಿ ಅನ್ನೋದು ಲೆಕ್ಕ. 8 ಜಿಬಿ ಇದ್ರೆ ಮೇಕ್‌ಆಪ್ಟ್ಸ್‌ನಲ್ಲಿ ನಾಲ್ಕು, 4 ಜಿಬಿ ಇದ್ರೆ ಎರಡು. ನಿಧಾನ ಆದ್ರೂ ಮುಗಿಯುತ್ತೆ.

ಇನ್ನು ಕರೆಂಟು. ಹಳೇ ಬ್ಯಾಟರಿ ಅರ್ಧ ಗಂಟೆ ನಿಂತ್ರೆ ಪುಣ್ಯ. ಮಧ್ಯದಲ್ಲಿ ಆಫ್ ಆದ್ರೆ 'ಎಮರ್ಜ್ ರೆಸ್ಯೂಮ್' ಕೊಡಿ: ಮುಗಿದ ಪ್ಯಾಕೇಜುಗಳನ್ನ ಬಿಟ್ಟು ಉಳಿದವನ್ನ ಮುಂದುವರಿಸುತ್ತೆ. ಆದರೆ ಅರ್ಧಕ್ಕೆ ನಿಂತ ಪ್ಯಾಕೇಜು ಮತ್ತೆ ಮೊದಲಿಂದ! ಸಣ್ಣದಾದ್ರೆ ಪರವಾಗಿಲ್ಲ. ಫೈರ್‌ಫಾಕ್ಸ್ ಥರದ್ದು ಗಂಟೆಗಟ್ಟಲೆ ಓಡಿ, ಕೊನೇಲಿ ಕರೆಂಟ್ ಹೋದ್ರೆ ಅಷ್ಟೂ ನೀರಲ್ಲಿ ಹೋಮ. ಅಂಥವಕ್ಕೆ 'ಬಿನ್' ಅನ್ನೋ ಸಿದ್ಧ ರೂಪ ಇದೆ, ಕರ್ನಲ್‌ಗೂ ಇದೆ. 2023ರ ಡಿಸೆಂಬರ್‌ನಿಂದ ಜೆಂಟೂದವರೇ ಸಾಕಷ್ಟು ಪ್ಯಾಕೇಜುಗಳನ್ನ ಕಂಪೈಲ್ ಮಾಡಿ ಕೊಡ್ತಿದ್ದಾರೆ. ಅದನ್ನ ಬಳಸಿದ್ರೆ ಜೆಂಟೂ ಕೆಟ್ಟುಹೋಯ್ತು ಅನ್ನೋರ ಮನೇಲಿ ಬಹುಶಃ ಯುಪಿಎಸ್ ಇರಬೇಕು.

ಇಷ್ಟೆಲ್ಲ ಯಾಕೆ? ಯೂಸ್ ಫ್ಲ್ಯಾಗ್‌ಗಳಿಗೋಸ್ಕರ. ಬ್ಲೂಟೂತ್ ಬೇಡ, ಪ್ರಿಂಟರ್ ಬೇಡ ಅಂತ ಬರೆದಿಟ್ರೆ ಅವುಗಳ ಕೋಡ್ ಸೇರಿಸದೇ ಪ್ರೋಗ್ರಾಂ ತಯಾರಾಗುತ್ತೆ. ಮಟ್ಟೆ ಎಷ್ಟು ಸುಲೀಬೇಕು, ಜುಟ್ಟು ಬಿಡ್ಬೇಕಾ ಅಂತ ನಾವೇ ಹೇಳಿದ ಹಾಗೆ. ಭಾಷೆಗೂ ಒಂದು ಸಾಲಿದೆ: ಎಲ್10ಎನ್ ಮುಂದೆ 'ಕೆಎನ್' ಅಂತ ಬರೆದ್ರೆ ಫೈರ್‌ಫಾಕ್ಸ್, ಲಿಬ್ರೆ ಆಫೀಸ್‌ಗೆ ಕನ್ನಡವೂ ಬರುತ್ತೆ. ನೋಟೋ ಫಾಂಟನ್ನೂ ಹಾಕ್ಕೊಳ್ಳಿ, ಇಲ್ಲಾಂದ್ರೆ ಕನ್ನಡ ಅಕ್ಷರಗಳ ಜಾಗದಲ್ಲಿ ಬರೀ ಡಬ್ಬಿ ಕಾಣಬಹುದು.

ಪ್ರಯತ್ನಿಸೋರು ಇಂಟರ್ನಲ್ಸ್ ಮುಗಿದ ಶನಿವಾರ ಶುರು ಮಾಡಿ. ಲ್ಯಾಪ್‌ಟಾಪನ್ನ ಹಾಸಿಗೆ ಮೇಲಿಡಬೇಡಿ, ಬಿಸಿಯಾಗುತ್ತೆ.