ಅಜ್ನಾಲಾ ಬಾವಿಯ ಮೂಳೆಗಳು ಯಾರವು?

ಪಂಜಾಬಿನ ಅಮೃತಸರ ಜಿಲ್ಲೆಯ ಅಜ್ನಾಲಾದಲ್ಲಿ ಮುಚ್ಚಿಹೋಗಿದ್ದ ಬಾವಿಯೊಂದನ್ನು 2014ರಲ್ಲಿ ಅಗೆದಾಗ ರಾಶಿ ರಾಶಿ ಮೂಳೆಗಳೂ ಸಾವಿರಾರು ಹಲ್ಲುಗಳೂ ಸಿಕ್ಕವು. 1947ರ ವಿಭಜನೆಯ ಗಲಭೆಯಲ್ಲಿ ಸತ್ತವರವು ಎಂದರು ಕೆಲವರು. 1857ರ ದಂಗೆಯ ಸಿಪಾಯಿಗಳವು ಎಂದರು ಇನ್ನು ಕೆಲವರು. ಎರಡನೆಯ ವಾದಕ್ಕೆ ಬರಹದ ಆಧಾರವಿತ್ತು. ಲಾಹೋರಿನ ಮಿಯಾನ್ ಮೀರ್ ದಂಡಿನಿಂದ ತಪ್ಪಿಸಿಕೊಂಡ 26ನೇ ಬೆಂಗಾಲ್ ನೇಟಿವ್ ಇನ್‌ಫೆಂಟ್ರಿಯ 282 ಸಿಪಾಯಿಗಳು ಸೆರೆಸಿಕ್ಕು ಸತ್ತರೆಂದೂ, ಹೆಣಗಳನ್ನು ಬಾವಿಗೆ ಹಾಕಿಸಿದೆನೆಂದೂ ಅಮೃತಸರದ ಡೆಪ್ಯುಟಿ ಕಮಿಷನರ್ ಫ್ರೆಡರಿಕ್ ಕೂಪರ್ ತಾನೇ 1858ರ ಪುಸ್ತಕದಲ್ಲಿ ಬರೆದುಕೊಂಡಿದ್ದ.

ಇಂಥ ತಕರಾರು ಬಗೆಹರಿಸುವುದು ಫೊರೆನ್ಸಿಕ್ ಮಾನವಶಾಸ್ತ್ರದ ಕೆಲಸ. ಸೊಂಟದ ಮೂಳೆಯ ಆಕಾರದಿಂದ ಗಂಡೋ ಹೆಣ್ಣೋ ತಿಳಿಯುತ್ತದೆ. ಉದ್ದ ಮೂಳೆಗಳ ತುದಿ ಕೂಡಿಕೊಂಡಿದೆಯೇ ಎಂಬುದು ವಯಸ್ಸನ್ನೂ, ತೊಡೆಮೂಳೆಯ ಉದ್ದ ಎತ್ತರವನ್ನೂ ಅಂದಾಜಿಸಲು ನೆರವಾಗುತ್ತವೆ. ಆದರೆ ಅಜ್ನಾಲಾದಲ್ಲಿ ಬಾವಿ ತೋಡಿದವರು ತಜ್ಞರಲ್ಲ. ಮೂಳೆಗಳು ಮುರಿದು ಬೆರೆತುಹೋಗಿ, ಯಾವ ಬುರುಡೆ ಯಾವ ದೇಹದ್ದೆಂದು ಜೋಡಿಸುವುದೇ ಕಷ್ಟವಾಯಿತು.

ಆಗ ಕೈಹಿಡಿದದ್ದು ಹಲ್ಲು. ಮೂಳೆ ಬದುಕಿನುದ್ದಕ್ಕೂ ಸವೆದು ಹೊಸದಾಗುತ್ತಿರುತ್ತದೆ. ಹಲ್ಲಿನ ಎನಾಮೆಲ್ ಹಾಗಲ್ಲ, ಬಾಲ್ಯದಲ್ಲಿ ರೂಪುಗೊಂಡ ಮೇಲೆ ಮತ್ತೆ ಕಟ್ಟಿಕೊಳ್ಳುವುದಿಲ್ಲ. ಆ ವಯಸ್ಸಿನಲ್ಲಿ ಕುಡಿದ ನೀರಿನ ಆಕ್ಸಿಜನ್ ಅದರಲ್ಲಿ ಉಳಿದಿರುತ್ತದೆ. ನೀರಿನಲ್ಲಿ ಭಾರದ ಮತ್ತು ಹಗುರ ಆಕ್ಸಿಜನ್ನಿನ ಪ್ರಮಾಣ ಊರಿಂದೂರಿಗೆ ಬೇರೆ. ಭಾರದ್ದು ಮಳೆಯಲ್ಲಿ ಮೊದಲು ಇಳಿಯುವುದರಿಂದ, ಮೋಡ ಕಡಲಿನಿಂದ ಒಳನಾಡಿಗೆ ಸರಿದಂತೆ ಅದರ ಪಾಲು ಕಡಿಮೆಯಾಗುತ್ತದೆ. ಹಾಗಾಗಿ ಸತ್ತವನು ಎಲ್ಲಿ ಬೆಳೆದನೆಂಬ ಸುಳಿವು ಹಲ್ಲಿನಲ್ಲಿದೆ.

ಪಂಜಾಬ್ ವಿಶ್ವವಿದ್ಯಾಲಯದ ಜೆ.ಎಸ್. ಸೆಹ್ರಾವತ್, ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ), ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ ಮತ್ತು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವಿಜ್ಞಾನಿಗಳು 85 ಮಾದರಿಗಳಲ್ಲಿ ಆಕ್ಸಿಜನ್ನನ್ನೂ, 50ರಲ್ಲಿ ತಾಯಿಯಿಂದ ಬರುವ ಮೈಟೊಕಾಂಡ್ರಿಯದ ಡಿಎನ್‌ಎಯನ್ನೂ ಪರೀಕ್ಷಿಸಿದರು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಸತ್ತವರು ಪಂಜಾಬಿನವರಲ್ಲ, ಗಂಗಾ ಬಯಲಿನ ಕಡೆಯವರು. 26ನೇ ರೆಜಿಮೆಂಟಿಗೆ ಸೇರಿದವರು ಬಂದದ್ದೂ ಪೂರ್ವ ಉತ್ತರ ಪ್ರದೇಶ, ಬಿಹಾರ, ಬಂಗಾಳ, ಒಡಿಶಾ ಸೀಮೆಯಿಂದಲೇ. ಬರಹವೂ ಹಲ್ಲೂ ಒಂದನ್ನೇ ಹೇಳಿದವು.

ಆದರೂ ಒಬ್ಬೊಬ್ಬರ ಹೆಸರು ಸಿಕ್ಕಿಲ್ಲ. ಡಿಎನ್‌ಎ ಹೆಸರು ಹೇಳಬೇಕಾದರೆ ತಾಳೆ ನೋಡಲು ಬಂಧುಗಳ ಡಿಎನ್‌ಎ ಬೇಕು. ಅಜ್ನಾಲಾದ ಇನ್ನೊಂದು ಪಾಠವೆಂದರೆ, ಮೂಳೆಯಂತೆಯೇ ಅದು ಬಿದ್ದಿದ್ದ ಜಾಗ, ಆಳ, ಪಕ್ಕದ ವಸ್ತು ಎಲ್ಲವೂ ಸಾಕ್ಷಿಯೇ. ಒಮ್ಮೆ ಕದಡಿದರೆ ಮತ್ತೆ ಸಿಗದು. ಪಾಯ ತೋಡುವಾಗಲೋ ಬಾವಿಯ ಹೂಳೆತ್ತುವಾಗಲೋ ಮನುಷ್ಯರ ಮೂಳೆ ಕಂಡರೆ ಗುದ್ದಲಿ ನಿಲ್ಲಿಸಿ, ಏನನ್ನೂ ಮುಟ್ಟದೆ ಪೊಲೀಸರಿಗೆ ತಿಳಿಸಿ.